ನೆಲೆ

ನಮ್ಮಜ್ಜ ಮ್ವೈಪೋಪೋನ ಕೆಲಸ
ಹಗ್ಗ ಇಳಿಬಿಡುವುದು.
ತುದಿಗೆ ಸೀಸದ ಗುಂಡು, ಮಾರಿಗೊಂದು ಗಂಟು,
ಗುಂಡಿನ ಅಡಿಯ ಗುಳಿಗೆ ಒಂದಿಷ್ಟು ಕೊಬ್ಬು –
ತಳದ ಕೆಸರೋ ಮರಳೋ ಅಂಟಿ ಬರಲೆಂದು.

ಜರ್ಮನ್ ದೊರೆಯ ಉಗಿಹಡಗು ಅದು,
ತುಂಡುತುಂಡಾಗಿ ಆಳುಗಳ ತಲೆಯ ಮೇಲೆ ಬಂದು
ದಂಡೆಯಲ್ಲಿ ಮೊಳೆ ಹೊಡೆಸಿಕೊಂಡು ಹಡಗಾದದ್ದು.
ಮೂತಿಯಲ್ಲಿ ಬಗ್ಗಿ ನಿಂತು ಅಜ್ಜ ಕೂಗುತ್ತಿದ್ದನಂತೆ:
ಹತ್ತು. ಇಪ್ಪತ್ತು. ನಲವತ್ತು.
ಹಿಂದೆ ಕೊಡೆಯಡಿ ಕೂತವ ಬರೆದುಕೊಳ್ಳುತ್ತಿದ್ದ.
ಇಕೊಂಬೆಯ ಮೂಲೆ ದಾಟಿದ್ದೇ
ಹಗ್ಗ ಮುಗಿಯಿತು.
ಕೆರೆ ಮುಗಿಯಲಿಲ್ಲ.

ನ್ಯಾಸಾ ಅಂದರೆ ಕೆರೆ, ಅಷ್ಟೇ.
ಇದರ ಹೆಸರೇನೆಂದು ಯಾರೋ ಕೇಳಿದರು,
ಯಾರೋ ಇದು ಕೆರೆ ಅಂದರು.
ಕೆರೆ ಎಂಬ ಕೆರೆ ಎಂದು
ನಕಾಶೆ ಇಂದಿಗೂ ತೊದಲುತ್ತದೆ.

ಸಂಬಳ ರೂಪಾಯಿಯಲ್ಲಿ,
ಒಂದು ಮಗ್ಗುಲಿಗೆ ಮೀಸೆಯ ಕೈಸರ್.
ಗುಡಿಸಲಿಗೆ ಮೂರು ರೂಪಾಯಿ ಕಂದಾಯ.
ನಾಣ್ಯ ಬೆಚ್ಚಗಾಗುವ ಮೊದಲೇ
ಕೊಟ್ಟ ಕೈಗೇ ವಾಪಸು.

ಗುಂಡು ನೀರಾಗುತ್ತದೆಂದು ನಂಬಿ
ಸೊಂಗೆಯಾ ಕಡೆಯವರು ಎದೆಯೊಡ್ಡಿದ ವರ್ಷ
ಅಜ್ಜ ಹೋಗಲಿಲ್ಲ.
ದಿನಕ್ಕೆ ನೂರು ಸಲ ನೀರಿಗಿಳಿದ ಗುಂಡು
ಗುಂಡಾಗಿಯೇ ಮೇಲೆ ಬರುವುದನ್ನು ಕಂಡವನು.
ನಂಬದೆ ಉಳಿದುಕೊಂಡೆ, ಎನ್ನುತ್ತಿದ್ದನಂತೆ,
ನಂಬಿದ್ದರೆ ಚೆನ್ನಿತ್ತು ಎಂಬ ದನಿಯಲ್ಲಿ.

ಅದಕ್ಕೂ ಮೊದಲೇ,
ಅವನಿನ್ನೂ ಹಾಲುಹಲ್ಲು ಉದುರಿಸುತ್ತಿದ್ದಾಗ,
ಬರ್ಲಿನ್ನಿನ ಒಂದು ಮೇಜಿನ ಮೇಲೆ
ಈ ಕೆರೆಯ ಹನಿಯೂ ತಾಗದ ಕೈಗಳು
ಗೆರೆ ಎಳೆದಾಗಿತ್ತು.
ನಡುನೀರಿನಲ್ಲಲ್ಲ.
ಮೂಡಣ ದಂಡೆಯ ಗುಂಟ,
ಅಲೆ ಬಂದು ನೆಕ್ಕಿ ಹಿಂದೆ ಸರಿಯುವಲ್ಲಿ.
ನೆಲ ಒಬ್ಬರಿಗೆ,
ನೀರಷ್ಟೂ ಇನ್ನೊಬ್ಬರಿಗೆ.

ಅಂದರೆ ನನ್ನಮ್ಮ ತುಸೇಕಿಲೆ
ಮುಖ ತೊಳೆಯಲು ದಿನಾ
ಪರದೇಶಕ್ಕೆ ಹೋಗಿಬರುತ್ತಿದ್ದಳು.
ಹಸಿಮಡಕೆ ಉಜ್ಜುವ ನುಣುಪುಗಲ್ಲು ಹುಡುಕುವಾಗ
ಒಂದು ಕಾಲು ಇಲ್ಲಿ, ಒಂದು ಅಲ್ಲಿ,
ಸೆರಗಿನ ಗಂಟಿನಲ್ಲಿ ಎರಡೂ ಕಡೆಯ ಕಲ್ಲು.
ಸುಟ್ಟ ಮಡಕೆಗಳನ್ನು ಹುಲ್ಲಲ್ಲಿ ಸುತ್ತಿ
ಮರದ ದೋಣಿಯಲ್ಲಿ ಕ್ಯೇಲಾ ಸಂತೆಗೆ ಹೊರಟರೆ
ದಾರಿಯುದ್ದಕ್ಕೂ ಅವಳು ಯಾರ ಪ್ರಜೆ?
ಮಡಕೆ ಕೊಂಡವರಂತೂ ಕೇಳಲಿಲ್ಲ.
ಬೆರಳಲ್ಲಿ ಬಡಿದು ಸದ್ದು ಕೇಳಿದರು.

ನಾನು ಏಳನೆಯ ತರಗತಿಯಲ್ಲಿದ್ದ ವರ್ಷ
ಕೆರೆ ಏರಿತು.
ಮೊದಲು ಮಡಕೆ ಸುಡುವ ಜಾಗ,
ಆಮೇಲೆ ಮಾವಿನ ಬುಡ,
ಒಂದು ಬೆಳಗ್ಗೆ ಹೊಸ್ತಿಲು.
ಆಚೆ ದಂಡೆಯಿಂದ ಉಪ್ಪಿನ ಪೊಟ್ಟಣವಾಗಿ ಬಂದಿದ್ದ
ಭೂಗೋಳದ ಹಾಳೆ ಬಿಡಿಸಿ ನೋಡಿ ನಾನು ಹೇಳಿದೆ:
ಅಮ್ಮಾ, ನಮ್ಮ ಅಡುಗೆಮನೆ ಈಗ ಮಲಾವಿ.
ಮೊಣಕಾಲು ನೀರಲ್ಲಿ ತೇಲುವ ಸೌಟು ಹಿಡಿಯುತ್ತ
ಹಾಗಿದ್ದರೆ ಅವರೇ ಬಂದು ಗೋರಲಿ,
ಅಂದಳು.

ಈಗ ನಾನೇ ಭೂಗೋಳದ ಮೇಷ್ಟ್ರು.
ನಮ್ಮ ಪುಸ್ತಕದಲ್ಲಿ ಗೆರೆ ನಡುನೀರಿನಲ್ಲಿ,
ಅವರದರಲ್ಲಿ ನಮ್ಮ ದಂಡೆಯ ಮೇಲೆ.
ಎಲ್ಲಿ ಎಳೆಯೋಣ ಮ್ವಾಲಿಮು? ಎನ್ನುತ್ತಾರೆ ಹುಡುಗರು.
ಪರೀಕ್ಷೆಗಾದರೆ ನಡುವೆ, ಎನ್ನುತ್ತೇನೆ,
ಪೆನ್ಸಿಲ್ ಒತ್ತಬೇಡಿ.

ಅಜ್ಜನ ಗುಂಡು ತರಗತಿಯ ಬಾಗಿಲಿಗೆ ಒತ್ತು,
ಬೆಟ್ಟದ ಗಾಳಿಗೆ ಬಡಿಯದಿರಲೆಂದು.
ಅಡಿಯ ಗುಳಿಯಲ್ಲಿ ಈಗ ಇರುವೆಗಳು.

ಇವತ್ತು ಪಾಠದ ನಡುವೆ
ಕೆರೆಯ ಮೇಲೆ ನೊಣಗಳ ಕಂಬ ಎದ್ದಿತು,
ಹೊಗೆಯಂತೆ, ಹಡಗೊಂದು ಅಡಿಯಲ್ಲಿ ಉರಿದಂತೆ,
ಆ ದಂಡೆಗೆ ವಾಲಿ, ಈ ದಂಡೆಗೆ ವಾಲಿ.
ಹಿಂದಿನ ಬೆಂಚಿನ ಅಂದೊಂಗೋಲಿಲೆ ಎದ್ದು ನಿಂತಳು:
ನಮ್ಮ ಕಡೆ ಬರ್ತಿದೆ,
ಬುಟ್ಟಿ ತೋಯಿಸಿ ಹಿಡೀಬೇಕು, ಅಜ್ಜಿ ರೊಟ್ಟಿ ತಟ್ಟುತ್ತಾಳೆ,
ಹೋಗಲಾ?

ಅವಳ ನಕಾಶೆಯಲ್ಲಿ
ಗೆರೆ ಇನ್ನೂ ಅರ್ಧಕ್ಕೆ ಬಂದಿತ್ತು.
ಹೋಗು ಅಂದೆ.
ಗುಂಡನ್ನು ಕಾಲಿಂದ ಪಕ್ಕಕ್ಕೆ ಸರಿಸಿ
ಓಡಿದಳು.